ತಂಗಡಿ ತೊಗಟೆಯೂ ತೊಗಲಿನ ಕೈಚೀಲವೂ

ತೊಗಲಿನ ಕೈಚೀಲವನ್ನು ಶುಚಿಗೊಳಿಸುವ ಬಗೆ ಹೇಗೆಂದು ಯಾರಾದರೂ ಕೇಳಿದರೆ, ಅದನ್ನು ಯಾವುದರಿಂದ ಹದ ಮಾಡಿದ್ದಾರೆಂದು ನಾನು ಮರುಪ್ರಶ್ನೆ ಹಾಕುತ್ತೇನೆ. ಮೇಷ್ಟರ ಹಳೆಯ ಚಾಳಿ ಎಂದು ನನ್ನ ಶಿಷ್ಯರು ನಗಬಹುದು. ಆದರೆ ಆರೈಕೆಯೆಲ್ಲ ಈ ಪ್ರಶ್ನೆಯನ್ನೇ ಅವಲಂಬಿಸಿದೆ.

ಹಸಿ ತೊಗಲು ಕೊಳೆಯುತ್ತದೆ. ಒಗರಿನ ತೊಗಟೆಯ ರಸದಲ್ಲಿ ನೆನೆದರೆ ಬಾಳುತ್ತದೆ. ದಕ್ಷಿಣ ಭಾರತದಲ್ಲಿ ಇದಕ್ಕೆ ಒದಗಿದ್ದು ತಂಗಡಿ, ಅಂದರೆ ಆವರಿಕೆ. ಬಯಲುಸೀಮೆಯ ದಾರಿಬದಿಯಲ್ಲಿ ಹಳದಿ ಹೂ ಬಿಡುವ ಅದೇ ಗಿಡ. ತೊಗಟೆಯ ಹದ ಮುಗಿದ ಮೇಲೆ ಅಳಲೆಕಾಯಿಯ ರಸ. ಈ ವಿದ್ಯೆಯನ್ನು ಬಲ್ಲವರನ್ನು ಊರಾಚೆ ಇರಿಸಿ, ಅವರು ಮಾಡಿದ ಚಪ್ಪಲಿಯನ್ನು ಮೆಟ್ಟಿ ನಡೆದ ಸಮಾಜ ನಮ್ಮದು. ಹತ್ತೊಂಬತ್ತನೆಯ ಶತಮಾನದಲ್ಲಿ ಅವರ ಕೈಯಲ್ಲಿ ಹದವಾದ ತೊಗಲು ಮದರಾಸಿನಿಂದ ಹಡಗೇರಿ ಲಂಡನ್ನಿಗೆ ಹೋಗುತ್ತಿತ್ತು. ಅಲ್ಲಿ ಅದಕ್ಕೆ ‘ಈಸ್ಟ್ ಇಂಡಿಯಾ’ ತೊಗಲೆಂಬ ಹೆಸರು.

ಅಲ್ಲಿಯೇ ಅದರ ದೌರ್ಬಲ್ಯವೂ ಬಯಲಾಯಿತು. ಗ್ರಂಥಾಲಯಗಳಲ್ಲಿ ತೊಗಲಿನ ರಟ್ಟುಗಳು ಕೆಂಪು ಪುಡಿಯಾಗಿ ಉದುರತೊಡಗಿದಾಗ, ಲಂಡನ್ನಿನ ಕಲಾ ಸಂಘವು 1900ರಲ್ಲಿ ಸಮಿತಿಯೊಂದನ್ನು ನೇಮಿಸಿತು. ಗ್ಯಾಸ್ ದೀಪಗಳ ಹೊಗೆಯಿಂದ ಹುಟ್ಟುವ ಗಂಧಕಾಮ್ಲವು ತೊಗಲನ್ನು ತಿನ್ನುತ್ತದೆ. ತಂಗಡಿಯಂಥ ತೊಗಟೆಗಳಿಂದ ಹದವಾದುದು ಬೇಗ ಹಾಳಾಗುತ್ತದೆ, ಸುಮಾಕ್ ಎಲೆಯಿಂದ ಹದವಾದುದು ಹೆಚ್ಚು ತಾಳುತ್ತದೆ ಎಂಬುದು ಅದರ ನಿರ್ಣಯ.

ಅಷ್ಟರಲ್ಲಿ ಅಮೆರಿಕದಲ್ಲಿ ಕ್ರೋಮಿಯಂ ಲವಣದ ಹದ ಬಂದಿತ್ತು. 1884ರಲ್ಲಿ ಆಗಸ್ಟಸ್ ಷುಲ್ಟ್ಸ್ ಅದರ ಹಕ್ಕುಪತ್ರ ಪಡೆದಿದ್ದ. ಮದರಾಸಿನ ಕಲಾಶಾಲೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ 1903ರಲ್ಲಿ ಅದನ್ನು ಪ್ರಯೋಗಿಸಿದರು. ಏತಕ್ಕೆ ಗೊತ್ತೆ? ಕಪಿಲೆ ಬಾವಿಯಿಂದ ನೀರೆತ್ತುವ ತೊಗಲಚೀಲಕ್ಕೆ! ಸದಾ ನೀರಿನಲ್ಲಿ ಮುಳುಗೇಳುವ ವಸ್ತುವಿಗೆ ಕ್ರೋಮ್ ತೊಗಲೇ ತಕ್ಕುದೆಂದು ಅವರ ಲೆಕ್ಕ. ಇದೇ ಚಾಟರ್ಟನ್ 1910ರ ದಶಕದಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾಗಿ ಬಂದರು.

ಈಗ ನಿಮ್ಮ ಕೈಚೀಲಕ್ಕೆ ಬರೋಣ. ಬಣ್ಣ ಹಾಕದ ಕತ್ತರಿಸಿದ ಅಂಚು ಕಂಡರೆ ನೋಡಿ: ಒಳಗೆ ನೀಲಿ ಛಾಯೆಯ ಬೂದುಬಣ್ಣವಿದ್ದರೆ ಸಾಮಾನ್ಯವಾಗಿ ಕ್ರೋಮ್, ಕಂದಾಗಿದ್ದರೆ ತೊಗಟೆಯ ಹದ. ಮೊದಲನೆಯದನ್ನು ಹಿಂಡಿದ ಒದ್ದೆಬಟ್ಟೆಯಿಂದ ಒರೆಸಬಹುದು. ಎರಡನೆಯದಕ್ಕೆ ನೀರು ಬಿದ್ದರೆ ಕಲೆಯಾಗುತ್ತದೆ. ಮೃದುವಾದ ಒಣ ಬ್ರಷ್ಷು, ಆಮೇಲೆ ತೆಳುವಾಗಿ ಮೇಣ, ಇಷ್ಟು ಸಾಕು. ನೆನೆದ ಚೀಲವನ್ನು ಒಲೆಯ ಬಳಿ ಇಡಬೇಡಿ, ಬಿಸಿಗೆ ಮುರುಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟರೆ ಬೂಷ್ಟು ಹಿಡಿಯುವುದು ಖಂಡಿತ. ಕೊಬ್ಬರಿ ಎಣ್ಣೆಯ ಮೋಹವನ್ನೂ ಬಿಡಿ; ತೊಗಲು ಕಪ್ಪಾಗಿ ಧೂಳು ಕೂರುತ್ತದೆ.

ನನ್ನ ಸೋದರಸೊಸೆಯೊಬ್ಬಳು ತೀರಿಹೋದ ತಂದೆಯ ಚೀಲವನ್ನು ಕಳೆದ ವರ್ಷ ತಂದು ತೋರಿಸಿದಳು. ಮುಟ್ಟಿದರೆ ಬೆರಳಿಗೆ ಕೆಂಪು ಪುಡಿ. ಅದನ್ನು ಹೊಳೆಯಿಸಿ ದಿನವೂ ಹೆಗಲಿಗೆ ಹಾಕಿಕೊಳ್ಳಬೇಕೆಂಬುದು ಅವಳ ಆಸೆ. ಆ ಸ್ಥಿತಿಗೆ ಬಂದ ತೊಗಲನ್ನು ಯಾವ ಎಣ್ಣೆಯೂ ಹಿಂದಕ್ಕೆ ತರಲಾರದು. ಸಂರಕ್ಷಣಾ ತಜ್ಞರು ಮದ್ಯಸಾರದಲ್ಲಿ ಕರಗಿಸಿದ ಸೆಲ್ಯುಲೋಸ್ ಅಂಟನ್ನು ಸವರಿ ಪುಡಿ ಉದುರದಂತೆ ಮಾಡಬಲ್ಲರು, ಅಷ್ಟೆ. ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಒಪ್ಪಿದಳು. ಚೀಲ ಈಗ ಬಿಳಿಯ ಹತ್ತಿಬಟ್ಟೆಯಲ್ಲಿದೆ. ಒಳಗಿದ್ದ ತಂದೆಯ ಪತ್ರಗಳನ್ನು, ತೊಗಲಿನ ಆಮ್ಲ ತಗುಲದಂತೆ, ಬೇರೆ ಲಕೋಟೆಯಲ್ಲಿ ಇಡಿಸಿದ್ದೇನೆ.