ಅರ್ಪಾದ್ ವೈಸ್: ಕಾಲ್ಚೆಂಡಾಟದ ಒಬ್ಬ ಹಂಗೇರಿಯ ಗುರು

ಗರಡಿಮನೆಗೆ ಉಸ್ತಾದನಿರುವಂತೆ ಕಾಲ್ಚೆಂಡಿನ ತಂಡಕ್ಕೂ ಒಬ್ಬ ಗುರುವಿರಬೇಕೆಂಬುದು ಶ್ರೀರಂಗಪಟ್ಟಣದ ಸೀಮೆಯ ವಾಚಕರಿಗೆ ವಿಚಿತ್ರವಾಗಿ ತೋರಲಾರದು. ಯೂರೋಪಿನಲ್ಲಾದರೋ ಈ ಪದ್ಧತಿಯು ನೆಲೆಗೊಳ್ಳಲು ಬಹುಕಾಲ ಹಿಡಿಯಿತು. ಎರಡು ಮಹಾಯುದ್ಧಗಳ ನಡುವಣ ಇಪ್ಪತ್ತು ವರ್ಷಗಳಲ್ಲಿ ಈ ವಿದ್ಯೆಯನ್ನು ದೇಶದೇಶಗಳಿಗೆ ಕೊಂಡೊಯ್ದವರಲ್ಲಿ ಹಂಗೇರಿಯವರು ಮುಖ್ಯರು. ಅವರಲ್ಲಿ ಅರ್ಪಾದ್ ವೈಸನೆಂಬಾತನ ಚರಿತ್ರೆಯು ಅರಿಯತಕ್ಕುದಾಗಿದೆ.

ಈತನು 1896ನೆಯ ಇಸವಿ ಏಪ್ರಿಲ್ 16ರಂದು ಸೋಲ್ತ್ ಎಂಬ ಊರಿನಲ್ಲಿ ಯೆಹೂದ್ಯ ಕುಟುಂಬವೊಂದರಲ್ಲಿ ಜನಿಸಿದನು. ಮೊದಲನೆಯ ಮಹಾಯುದ್ಧದಲ್ಲಿ ಇಟಲಿಯವರಿಗೆ ಸೆರೆಸಿಕ್ಕಿದ್ದನು. ಮುಂದೆ ಅದೇ ದೇಶವೇ ಆತನಿಗೆ ಕೀರ್ತಿಯನ್ನು ತಂದುದು ವಿಧಿಯ ವಿನೋದವೇ ಸರಿ. ಎಡಪಕ್ಕದ ಆಟಗಾರನಾಗಿ 1924ರ ಪ್ಯಾರಿಸ್ ಒಲಿಂಪಿಕ್ ಕೂಟದ ಹಂಗೇರಿ ತಂಡಕ್ಕೂ ಆಯ್ಕೆಯಾಗಿದ್ದನು. ಬಳಿಕ ಇಟಲಿಗೆ ಬಂದು ಆಡುತ್ತಿರಲು, ಪೆಟ್ಟಿನಿಂದ ಆಟಕ್ಕೆ ಕೊನೆಯಾಯಿತು. ಆಗ ಆತನು ಗುರುಪೀಠವನ್ನೇರಿದನು.

ಮಿಲಾನಿನ ಇಂಟರ್ ಸಂಘವು ಆತನ ಮೊದಲ ದೊಡ್ಡ ಕಾರ್ಯಕ್ಷೇತ್ರ. ಆಟಗಾರರೊಡನೆ ತಾನೂ ಅಂಗಳಕ್ಕಿಳಿದು ಅಭ್ಯಾಸ ಮಾಡಿಸುವುದು, ಅವರ ಆಹಾರ ವಿಶ್ರಾಂತಿಗಳನ್ನು ಗಮನಿಸುವುದು ಆತನ ಕ್ರಮವಾಗಿತ್ತು. ಜುಸೆಪ್ಪೆ ಮೆಯಾಝಾ ಎಂಬ ಬಡಹುಡುಗನನ್ನು ಹದಿನೇಳರ ಹರೆಯದಲ್ಲೇ ದೊಡ್ಡವರ ತಂಡಕ್ಕೆ ಸೇರಿಸಿದವನು ಈತನೇ. ಎರಡು ಕಾಲುಗಳೂ ಸಮನಾಗಿ ಪಳಗಲೆಂದು ಆ ಹುಡುಗನಿಂದ ಗೋಡೆಗೆ ಚೆಂಡನ್ನು ಒದೆಯಿಸುತ್ತಿದ್ದನೆಂದು ಹೇಳುವರು. ಆ ಶಿಷ್ಯನು 1934 ಮತ್ತು 1938ರಲ್ಲಿ ವಿಶ್ವವಿಜಯಿಯಾದ ಇಟಲಿಯ ತಂಡದಲ್ಲಿದ್ದನು. ಮಿಲಾನಿನ ದೊಡ್ಡ ಕ್ರೀಡಾಂಗಣಕ್ಕೆ 1980ರಲ್ಲಿ ಅವನ ಹೆಸರನ್ನೇ ಇಡಲಾಯಿತು. 1929–30ರಲ್ಲಿ ಇಟಲಿಯ 18 ತಂಡಗಳೂ ಒಂದೇ ಪಂಕ್ತಿಯಲ್ಲಿ ಪರಸ್ಪರ ಸೆಣಸುವ ಸ್ಪರ್ಧೆಯು ಮೊದಲಾದಾಗ, ಆ ಮೊದಲ ವಿಜಯವು ವೈಸನ ತಂಡಕ್ಕೇ ದೊರೆಯಿತು. ಆತನಿಗೆ ಆಗ 34 ವರ್ಷ. ಅದೇ ವರ್ಷ ಆಲ್ದೊ ಮೊಲಿನಾರಿಯೊಡನೆ ಕೂಡಿ ಕಾಲ್ಚೆಂಡಾಟವನ್ನು ಕುರಿತು ಒಂದು ಲಕ್ಷಣಗ್ರಂಥವನ್ನೂ ಬರೆದನು.

1935ರಲ್ಲಿ ಬೊಲೊನ್ಯಾ ನಗರದ ತಂಡಕ್ಕೆ ಬಂದನು. ಐದು ವರ್ಷ ಎಡೆಬಿಡದೆ ಗೆದ್ದಿದ್ದ ಯುವೆಂತಸ್ ತಂಡದ ಪ್ರಭುತ್ವವು ಮುರಿಯಿತು. 1936, 1937 ಎರಡು ವರ್ಷವೂ ಬೊಲೊನ್ಯಾ ಗೆದ್ದಿತು. 1937ರ ಜೂನಿನಲ್ಲಿ ಪ್ಯಾರಿಸಿನ ಪ್ರದರ್ಶನ ಸಂದರ್ಭದ ಪಂದ್ಯದಲ್ಲಿ ಇಂಗ್ಲೆಂಡಿನ ಚೆಲ್ಸಿ ತಂಡವನ್ನು 4–1ರಿಂದ ಸೋಲಿಸಿತು. ನಮ್ಮ ಬೆಂಗಳೂರು ಮುಸ್ಲಿಮ್ಸ್ ತಂಡವು ಬೊಂಬಾಯಿಯಲ್ಲಿ ರೋವರ್ಸ್ ಕಪ್ಪನ್ನು ಗೆದ್ದುದೂ ಆ 1937ರಲ್ಲಿಯೇ. ಆಂಗ್ಲರ ಆಟದಲ್ಲಿ ಆಂಗ್ಲರನ್ನು ಮೀರಿಸುವ ಹುರುಪು ಆ ಕಾಲಕ್ಕೆ ಎಲ್ಲೆಡೆಯೂ ಹಬ್ಬಿತ್ತೆನ್ನಬಹುದು.

ಮರುವರ್ಷ ಎಲ್ಲವೂ ತಲೆಕೆಳಗಾಯಿತು. 1938ರ ಸೆಪ್ಟೆಂಬರಿನಲ್ಲಿ ಮುಸೊಲಿನಿಯ ಸರ್ಕಾರವು, 1919ರಿಂದೀಚೆಗೆ ಬಂದು ನೆಲೆಸಿದ ಪರದೇಶದ ಯೆಹೂದ್ಯರು ಆರು ತಿಂಗಳೊಳಗಾಗಿ ದೇಶಬಿಡಬೇಕೆಂದು ಶಾಸನವಿಧಿಸಿತು. ಯೆಹೂದ್ಯ ಮಕ್ಕಳಿಗೆ ಸರ್ಕಾರದ ಶಾಲೆಗಳ ಬಾಗಿಲೂ ಮುಚ್ಚಿತು. ಮೂರು ಸಲ ಇಟಲಿಯ ವಿಜಯಮಾಲೆಯನ್ನು ತಂದಿತ್ತವನ ಪರವಾಗಿಯೂ ವಿನಾಯಿತಿಯೊದಗಲಿಲ್ಲ. ಹೆಂಡತಿ ಎಲೆನಾ, ಮಕ್ಕಳಾದ ರೋಬರ್ತೊ, ಕ್ಲಾರಾ ಇವರೊಡನೆ ವೈಸನು ಪ್ಯಾರಿಸಿಗೆ ಹೋಗಿ, ಅಲ್ಲಿಂದ ಹಾಲೆಂಡಿನ ದೋರ್ದ್ರೆಖ್ತ್ ಪಟ್ಟಣದ ಸಣ್ಣ ತಂಡವೊಂದನ್ನು ಸೇರಿದನು. ಆ ಅಲ್ಪಬಲದ ತಂಡವನ್ನೂ ಮೇಲಿನ ದರ್ಜೆಯಲ್ಲಿ ಉಳಿಸಿದನೆಂಬುದು ಆತನ ವಿದ್ಯೆಗೆ ಸಾಲುವ ಸಾಕ್ಷಿ. 1940ರ ಮೇ ತಿಂಗಳಲ್ಲಿ ಜರ್ಮನರು ಹಾಲೆಂಡನ್ನು ಆಕ್ರಮಿಸಿದರು. ಕೆಲವು ಕಾಲದಲ್ಲಿಯೇ ಆತನಿಗೆ ಆಟದ ಅಂಗಳವೂ ನಿಷಿದ್ಧವಾಯಿತು.

1942ರ ಆಗಸ್ಟಿನಲ್ಲಿ ಸಂಸಾರವೆಲ್ಲವೂ ಸೆರೆಯಾಯಿತು. ಅಕ್ಟೋಬರಿನಲ್ಲಿ ಪೋಲೆಂಡಿನತ್ತ ಸಾಗಿಸಿದರು. ತಾಯಿಯನ್ನೂ ಇಬ್ಬರು ಮಕ್ಕಳನ್ನೂ ಆಷ್‌ವಿಟ್ಸ್ ಶಿಬಿರದಲ್ಲಿ ಕೊಂದರು. ಹುಡುಗನಿಗೆ ಹನ್ನೆರಡು, ಹುಡುಗಿಗೆ ಎಂಟು ವರ್ಷ. ದುಡಿಮೆಗೆಂದು ಬೇರ್ಪಡಿಸಲ್ಪಟ್ಟ ವೈಸನು 1944ರ ಜನವರಿ 31ರಂದು ಅದೇ ಶಿಬಿರದಲ್ಲಿ ಮಡಿದನು.

ಆಮೇಲೆ ಅರವತ್ತು ವರ್ಷ ಆತನ ಹೆಸರನ್ನು ಎತ್ತುವವರು ವಿರಳರಾದರು. ಬೊಲೊನ್ಯಾದ ಮತ್ತೇಯೊ ಮರಾನಿ ಎಂಬ ಪತ್ರಕರ್ತನು ಈ ಸಂಸಾರದ ಜಾಡನ್ನು ಅರಸುತ್ತ ಊರಿನ ಶಾಲೆಯ ಹಳೆಯ ದಾಖಲೆಗಳನ್ನು ಮಗುಚಿ ಹಾಕಿದನು. ಆ ಪುಟಗಳಲ್ಲಿ ರೋಬರ್ತೊ ವೈಸನೆಂಬ ಬಾಲಕನ ಹೆಸರು ಸಿಕ್ಕಿತು. ಮರಾನಿಯ ಪುಸ್ತಕವು 2007ರಲ್ಲಿ ಹೊರಬಂದಿತು. ಎರಡು ವರ್ಷಗಳ ಮೇಲೆ ಬೊಲೊನ್ಯಾದ ಕ್ರೀಡಾಂಗಣದಲ್ಲಿ ಅರ್ಪಾದ್ ವೈಸನ ಹೆಸರಿನ ಕಲ್ಲನ್ನು ನೆಟ್ಟರು.