ಬಾಲೂ, ಏಕಲವ್ಯ ಮತ್ತು ನಮ್ಮಪ್ಪನ ತಮಟೆ

ನಮ್ಮಪ್ಪ ಕುಸ್ತಿ ನೋಡಿದ್ದೆಲ್ಲ ಕೊರಳಿಗೆ ತಮಟೆ ನೇತುಹಾಕಿಕೊಂಡೇ. ಪಾಂಡವಪುರದ ಕಡೆಯ ಜಾತ್ರೆಗಳಲ್ಲಿ, ನಾಗಮಂಗಲ, ಕೆ.ಆರ್. ಪೇಟೆಯ ಹಳ್ಳಿಗಳಲ್ಲಿ ಅಖಾಡದ ಅಂಚಿಗೆ ನಿಂತು ಬಡಿಯುವುದು ಅವನ ಪಾಲಿನ ಕೆಲಸ. ಜೋಡಿ ಬಿಟ್ಟಾಗ ಒಂದು ಬಡಿತ, ಒಬ್ಬ ಚಿತ್ತಾದಾಗ ಇನ್ನೊಂದು. ಗೆದ್ದವನಿಗೆ ಪೇಟ, ಬೆಳ್ಳಿ ಗದೆ, ಮೆರವಣಿಗೆ. ಆ ಮೆರವಣಿಗೆಯ ಮುಂದೆಯೂ ಅಪ್ಪನೇ.

"ನೀನ್ಯಾಕೆ ಮಟ್ಟಿಗೆ ಇಳೀಲಿಲ್ಲಪ್ಪ?" ಅಂತ ಒಂದು ಸಲ ಕೇಳಿದೆ.

"ಗರಡಿ ಒಳಗೆ ಹನುಮಪ್ಪ ಅವ್ನೆ ಕಣ್ಲಾ. ಆ ಹೊಸ್ತಿಲು ದಾಟೋರು ನಾವಲ್ಲ" ಅಂದ.

ಒಡೆಯರ ದಸರೆ ಶುರುವಾದದ್ದು ನಮ್ಮ ಪಕ್ಕದ ಶ್ರೀರಂಗಪಟ್ಟಣದಲ್ಲಿ, 1610ರಲ್ಲಿ, ರಾಜ ಒಡೆಯರ ಕಾಲಕ್ಕೆ. ಆಮೇಲೆ ಅದು ಮೈಸೂರಿಗೆ ಹೋಯಿತು. ವಿಜಯದಶಮಿಯ ದಿನ ಅರಮನೆ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗ ಜೆಟ್ಟಿಗಳಿಗೇ ಮೀಸಲು. ಅಂದರೆ ಇಲ್ಲಿ ಪಟ್ಟು ಎಂಬುದು ಕುಲದ ಆಸ್ತಿ. ಬಿರುದು ಅದರ ಬಡ್ಡಿ.

ಇದೆಲ್ಲ ಅರಮನೆ, ಹಳ್ಳಿಗಳ ಮಾತು, ದುಡ್ಡಿಗೆ ಆಡುವ ಆಟದಲ್ಲಿ ಜಾತಿ ಎಲ್ಲಿದೆ ಎನ್ನುವವರು ಪಲ್ವಂಕರ್ ಬಾಲೂವನ್ನು ನೆನೆಯಬೇಕು. 1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ಚಮ್ಮಾರ ಕುಲದ ಎಡಗೈ ಸ್ಪಿನ್ನರ್. ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ಅಂಕಣ ಹದ ಮಾಡಿ, ರೋಲರ್ ಎಳೆಯುವ ಕೂಲಿ. ಗ್ರೆಗ್ ಸಾಹೇಬನಿಗೆ ಅಭ್ಯಾಸಕ್ಕೆಂದು ಚೆಂಡು ಎಸೆದೂ ಎಸೆದೂ ಕೈ ಪಳಗಿತು. ಬಿಳಿಯರನ್ನು ಸೋಲಿಸಬೇಕಲ್ಲ, ಪುಣೆಯ ಹಿಂದೂ ತಂಡ ಆತನನ್ನು ಸೇರಿಸಿಕೊಂಡಿತು. ಮೈದಾನದಲ್ಲಿ ಒಂದೇ ಚೆಂಡು ಮುಟ್ಟಿದವರು ಚಹಾ ಹೊತ್ತಿಗೆ ಮಾತ್ರ ಆತನನ್ನು ಹೊರಗೆ ನಿಲ್ಲಿಸಿ ಮಣ್ಣಿನ ಕುಡಿಕೆಯಲ್ಲಿ ಕೊಟ್ಟರು. ಚೆಂಡಿಗಿಲ್ಲದ ಮೈಲಿಗೆ ಲೋಟಕ್ಕೆ!

1911ರ ಇಂಗ್ಲೆಂಡ್ ಪ್ರವಾಸದಲ್ಲಿ ಬಾಲೂ ಉರುಳಿಸಿದ್ದು 114 ವಿಕೆಟ್. ನಾಯಕ ಯಾರು? ಪಟಿಯಾಲದ ಮಹಾರಾಜ. ಬೊಂಬಾಯಿಯ ಪಂದ್ಯಾವಳಿಯಲ್ಲಿ ಹಿಂದೂ ತಂಡದ ನಾಯಕಪಟ್ಟವೂ ಬಾಲೂಗೆ ದಕ್ಕಲಿಲ್ಲ. 1920ರಲ್ಲಿ ಆತನನ್ನು ಕೈಬಿಟ್ಟಾಗ ತಮ್ಮಂದಿರಾದ ಶಿವರಾಮ, ವಿಠಲ ಪ್ರತಿಭಟಿಸಿ ತಂಡದಿಂದ ಹೊರಬಂದರು. ಅದರ ಫಲವಾಗಿ ಬಾಲೂ ಉಪನಾಯಕನಾಗಿ ಮರಳಿದ. 1923ರಲ್ಲಿ ವಿಠಲ ನಾಯಕನಾದ. ಆಟದ ಅಂಕಿಯೊಂದೇ ತಂದುಕೊಟ್ಟ ಗೌರವವಲ್ಲ ಅದು, ಜಗಳವಾಡಿ ಕಿತ್ತುಕೊಂಡದ್ದು. (ಅಂಬೇಡ್ಕರರು ಮೆಚ್ಚಿದ್ದ ಇದೇ ಬಾಲೂ 1937ರ ಚುನಾವಣೆಯಲ್ಲಿ ಅವರ ಎದುರೇ ಕಾಂಗ್ರೆಸ್ಸಿನಿಂದ ನಿಂತು ಸೋತ. ಅದು ಬೇರೆಯೇ ಸಂಕಟ; ಮುಚ್ಚಿಡುವುದೇಕೆ?)

ಸ್ವಾತಂತ್ರ್ಯ ಬಂದಮೇಲೆ ಪ್ರಶಸ್ತಿಗಳು ಬಂದವು. 1961ರಿಂದ ಆಟಗಾರರಿಗೆ ಅರ್ಜುನ. 1985ರಿಂದ ತರಬೇತುದಾರರಿಗೆ ದ್ರೋಣಾಚಾರ್ಯ. ಕಲಿಸದೆಯೇ ಹೆಬ್ಬೆರಳು ಕೇಳಿದವನ ಹೆಸರು ಕಲಿಸುವವರಿಗೆ! ಕರ್ನಾಟಕ ಸರ್ಕಾರದ್ದು ಏಕಲವ್ಯ ಪ್ರಶಸ್ತಿ. ಬೇಡರ ಹುಡುಗನ ಹೆಸರಿಟ್ಟದ್ದು ನನಗೆ ಸಂತೋಷವೇ. ಆದರೆ ದೇಶಕ್ಕೆ ಅರ್ಜುನ, ರಾಜ್ಯಕ್ಕೆ ಏಕಲವ್ಯ. ಕಾಡಿನಲ್ಲಿದ್ದ ಮೇಲುಕೀಳು ಪ್ರಶಸ್ತಿಪಟ್ಟಿಯಲ್ಲೂ ಹಾಗೇ ಕೂತಿದೆ.

ನಮ್ಮ ಪಾಂಡವಪುರವನ್ನು ಒಂದು ಕಾಲಕ್ಕೆ ಫ್ರೆಂಚ್ ರಾಕ್ಸ್ ಎನ್ನುತ್ತಿದ್ದರು. ಊರ ಬೆನ್ನಿಗೇ ಕುಂತಿಬೆಟ್ಟ. ಪಾಂಡವರು ತಾಯಿಯೊಂದಿಗೆ ಇಲ್ಲಿದ್ದರಂತೆ. ಅವರ ಕತೆ ಹೇಳುವ ಬಂಡೆಗಳನ್ನು ಚಿಕ್ಕಂದಿನಲ್ಲಿ ಅಪ್ಪನೇ ನನಗೆ ತೋರಿಸಿದ. ಏಕಲವ್ಯನದೆಂದು ಒಂದು ಕಲ್ಲನ್ನೂ ತೋರಿಸಿದ ನೆನಪಿಲ್ಲ. ತಾನು ಕಂಡ ಪೈಲ್ವಾನರ ಹೆಸರು, ಊರು, ಅವರು ಹಾಕಿದ ಪಟ್ಟು ಎಲ್ಲ ಅವನಿಗೆ ಬಾಯಿಪಾಠ. ಕುಸ್ತಿ ಮುಗಿದ ಸಂಜೆ ಅವನಿಗೆ ಸಿಗುತ್ತಿದ್ದದ್ದು ಮೊರದಷ್ಟು ರಾಗಿ, ಒಂದು ಹೋಳು ಕಾಯಿ. ಅದನ್ನೂ ಅಖಾಡದ ಹೊರಗೇ ಕೊಡುತ್ತಿದ್ದರು.