ಅಪಧಮನಿ ಪೆಡಸುತನ

ಎಲಾಸ್ಟಿನ್ ಸವೆದು ಕೊಲಾಜನ್ ಹೆಚ್ಚಿದಂತೆ ಅಪಧಮನಿಗಳ ಗೋಡೆ ಹಿಗ್ಗುವ ಗುಣ ಕಳೆದುಕೊಳ್ಳುವ ಸ್ಥಿತಿ. ಕತ್ತಿನಿಂದ ತೊಡೆಸಂದಿಗೆ ಸಾಗುವ ನಾಡಿ ಅಲೆಯ ವೇಗ ಇದರ ಅಳತೆ. ಸೆಕೆಂಡಿಗೆ 10 ಮೀಟರ್ ಮೀರಿದರೆ ಅಪಾಯದ ಸೂಚನೆ. ಇದು ಮುಪ್ಪಿನ ಸಹಜ ಫಲವೆಂಬ ಮಾತು ಅರ್ಧಸತ್ಯ: ವಯಸ್ಸು ತಡೆಯಲಾಗದಿದ್ದರೂ ರಕ್ತದೊತ್ತಡ, ಸಕ್ಕರೆ, ಧೂಮಪಾನಗಳ ಪಾಲನ್ನು ತಗ್ಗಿಸಬಹುದು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2022ರಲ್ಲಿ ನಿದ್ದೆಯನ್ನೂ ಸೇರಿಸಿ, ಈ ಮೂರೂ ಇರುವ ಹೃದಯಾರೋಗ್ಯದ ಮಾನದಂಡಗಳನ್ನು ಎಂಟಕ್ಕೇರಿಸಿತು. ಒಳ್ಳೆಯ ಅಭ್ಯಾಸವೂ ಮೆದು ನಾಳವೂ ಜೊತೆಗಿದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು, ನಿಜ. ಆದರೆ ಏರೋಬಿಕ್ ವ್ಯಾಯಾಮ, ಉಪ್ಪಿನ ಕಡಿತದ ಪ್ರಯೋಗಗಳಲ್ಲೂ ಅಲೆಯ ವೇಗ ಇಳಿದಿದೆ. ಹಾಗಾಗಿ ಬೆಂಗಳೂರಿನ ಜಯನಗರದ ಜಯದೇವ ಹೃದ್ರೋಗ ಸಂಸ್ಥೆಯ ಬಾಗಿಲು ತಟ್ಟುವ ಮುನ್ನವೇ ಮೊದಲ ಚಿಕಿತ್ಸೆ ಲಾಲ್‌ಬಾಗಿನ ಬಿರುಸು ನಡಿಗೆಯಲ್ಲಿದೆ, ಬಿಸಿಬೇಳೆಬಾತಿನ ಪಕ್ಕದ ಹಪ್ಪಳ, ಉಪ್ಪಿನಕಾಯಿ ಕಡಿಮೆ ಮಾಡುವುದರಲ್ಲಿದೆ. ದಿನದ ಉಪ್ಪಿನ ಮಿತಿ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ತುಸು ಕಡಿಮೆ.